ಕೆಂಪು ಮಿಡತೆ

ಆಂಬುಲೆನ್ಸ್ ಠಾಣೆಯಲ್ಲಿ ಎಲ್ಲರೂ ಅವಳನ್ನು ಗಾಳಿಯಕ್ಕ ಎನ್ನುತ್ತಿದ್ದರು. ಜೋರಾಗಿ ಓಡಿಸುತ್ತಾಳೆಂದು ಬಂದ ಹೆಸರಲ್ಲ ಅದು. ಜೋರಾಗಿ ಓಡಿಸುವವರು ಠಾಣೆಯಲ್ಲಿ ಬೇಕಾದಷ್ಟು ಜನ ಇದ್ದರು. ಬಾಗಿಲ ಸಂದಿಯಲ್ಲಿ ಗಾಳಿ ನುಸುಳುವ ಹಾಗೆ ಅವಳು ಸಂತೆಗಲ್ಲಿಗಳಲ್ಲಿ ವ್ಯಾನು ನುಸುಳಿಸುತ್ತಿದ್ದಳು. ಹಿಂದೆ ಮಲಗಿದ ರೋಗಿಗೆ ತಿರುವು ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ.

ಹೋದ ವರ್ಷ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಿಂದ ದಪ್ಪನೆಯ ಮನುಷ್ಯನೊಬ್ಬನನ್ನು ಸ್ಟ್ರೆಚರ್‌ನಲ್ಲಿ ಇಳಿಸುವಾಗ ಒದ್ದೆ ಮೆಟ್ಟಿಲ ಮೇಲೆ ಅವಳ ಎಡಗಾಲು ಜಾರಿತು. ಕೈಬಿಟ್ಟಿದ್ದರೆ ಮಂಡಿ ಉಳಿಯುತ್ತಿತ್ತು. ಅವಳು ಬಿಡಲಿಲ್ಲ. ಆ ಮನುಷ್ಯ ಒಂದು ಗೀರೂ ಇಲ್ಲದೆ ಆಸ್ಪತ್ರೆ ಸೇರಿದ. ಅದೇ ವ್ಯಾನಿನ ಮುಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತು ಅವಳೂ ಸೇರಿದಳು. ಆಪರೇಷನ್ ಆಯಿತು, ಊರುಗೋಲು ಬಂತು, ಹೋಯಿತು. ಒಂದಿಷ್ಟು ಕುಂಟು ಬಿಟ್ಟರೆ ನಡಿಗೆ ಸರಿಹೋಯಿತು. ಆದರೆ ಇಲಾಖೆಯ ಡಾಕ್ಟರು ಅವಳ ಮಂಡಿ ಒತ್ತಿ ನೋಡಿದಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದರು. "ವ್ಯಾನಿನ ಕ್ಲಚ್ ತುಳಿಯೋ ಶಕ್ತಿ ಇನ್ನೂ ಬಂದಿಲ್ಲಮ್ಮ. ಫೋನ್ ಮೇಜಿನ ಕೆಲಸ ಇದೆಯಲ್ಲ, ಆರಾಮಾಗಿ ಕೂತ್ಕೊಂಡು ಮಾಡು."

ಆರಾಮಾಗಿ ಕೂರುವುದು ಅವಳ ಜಾತಕದಲ್ಲೇ ಇರಲಿಲ್ಲ. ಮೇಜು ಕಿಟಕಿಯ ಪಕ್ಕದಲ್ಲಿತ್ತು. ಹೊಸ ಡ್ರೈವರುಗಳು ವ್ಯಾನು ಹೊರಡಿಸುವಾಗ ಗೇರು ಕರಕರ ಎಂದರೆ ಅವಳ ಹಲ್ಲಿನಲ್ಲೇ ಆ ಸದ್ದಾಗುತ್ತಿತ್ತು. ಒಂದು ಮಧ್ಯಾಹ್ನ ಹೀಗೆ ಕಿವಿ ಕೊಟ್ಟು ಕೂತಿರುವಾಗ ಬೀದಿಯಲ್ಲಿ ಒಂದು ಹಳೆಯ ಮಿಡತೆ ಹಾದುಹೋಯಿತು. ಮಿಡತೆ ಎಂದರೆ ಒಂದು ಕಾಲದಲ್ಲಿ ಹುಡುಗರೆಲ್ಲ ಕನಸು ಕಾಣುತ್ತಿದ್ದ ಪುಟ್ಟ ಕಾರು: ಬದಿಗೊಂದೇ ಬಾಗಿಲು, ನೆಲಕ್ಕಂಟಿದ ಮೈ, ಗಾತ್ರಕ್ಕೆ ಮೀರಿದ ಎಂಜಿನ್ನು. ಕುಳಿತಲ್ಲಿಂದ ಚಂಗನೆ ಹಾರುತ್ತದೆಂದು ಬೀದಿಯ ಜನವೇ ಆ ಹೆಸರಿಟ್ಟಿದ್ದರು. ತಯಾರಿಕೆ ನಿಂತು ಎಷ್ಟೋ ಕಾಲವಾಗಿತ್ತು. ಸದ್ದು ಬೀದಿಯ ತುದಿ ದಾಟುವವರೆಗೂ ಅವಳು ಫೋನು ಎತ್ತಲಿಲ್ಲ. ಎತ್ತಿದಾಗ ಮನಸ್ಸು ಗಟ್ಟಿಯಾಗಿತ್ತು.

"ಮಿಡತೆ ತಗೋತೀನಿ," ಎಂದಳು ಮನೆಯಲ್ಲಿ.

ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು. ಬಯ್ಯುವ ಮುಂಚೆ ಅವರು ಯಾವಾಗಲೂ ಬಾಯಿ ಖಾಲಿ ಮಾಡಿಕೊಳ್ಳುತ್ತಿದ್ದರು. "ಕಾಲು ಮುರ್ಕೊಂಡಿದ್ದು ಸಾಲ್ದಾ ನಿಂಗೆ? ಬೇಕಿದ್ರೆ ಕ್ಲಚ್ ಇಲ್ಲದ್ದು ಒಂದು ತಗೋ. ತಣ್ಣಗೆ ಹೋಗ್ತದೆ, ತಣ್ಣಗೆ ಬರ್ತದೆ. ಹಿಂದಿನ ಸೀಟಿಗೆ ಬಾಗಿಲೇ ಇಲ್ಲದ ಕಾರಲ್ಲಿ ನನ್ನನ್ನ ಎಲ್ಲಿ ತುರುಕ್ತೀಯೆ?"

ಅಕ್ಕನ ಗಂಡ, ಅಂದರೆ ಭಾವ, ಮನೆಯ ಕೆಳಗೇ ಔಷಧಿ ಅಂಗಡಿ ಇಟ್ಟಿದ್ದವರು. ಲೋಕದ ಸಕಲ ವಸ್ತುಗಳಿಗೂ ಎಕ್ಸ್‌ಪೈರಿ ದಿನಾಂಕ ಇದೆಯೆಂದು ನಂಬಿದವರು. "ನೋಡಮ್ಮ," ಎಂದರು ಅವರು, "ಇಂಥ ಕಾರನ್ನ ಅಜ್ಜಂದಿರು ಓಡಿಸಿರಲ್ಲ. ಮೀಸೆ ಮೊಳೀತಿರೋ ಹುಡುಗ್ರು ಓಡಿಸಿರ್ತಾರೆ. ಒಬ್ಬ ಗುದ್ದಿ ಇನ್ನೊಬ್ಬನಿಗೆ ಮಾರಿರ್ತಾನೆ, ಅವನು ಕುಣಿಸಿ ಮತ್ತೊಬ್ಬನಿಗೆ ದಾಟಿಸಿರ್ತಾನೆ. ಕೊನೆಗೆ ಸಿಗೋದು ನಿನ್ನಂಥ ಆಸೆಬುರುಕರಿಗೆ."

"ಅದಕ್ಕೇ ನೀವೂ ಬನ್ನಿ ಭಾವ. ನಂಗೆ ಆಸೆ ಜಾಸ್ತಿ, ನಿಮ್ಗೆ ಅನುಮಾನ ಜಾಸ್ತಿ. ಎರಡೂ ಸೇರಿದ್ರೆ ಸರಿಹೋಗ್ತದೆ."

ಈ ಮಾತಿಗೆ ಭಾವ ಒಳಗೊಳಗೇ ಉಬ್ಬಿದರು. ಮರುದಿನ ಅಂಗಡಿಯ ಟಾರ್ಚು, ಒಂದು ಚಿಕ್ಕ ಅಯಸ್ಕಾಂತ, ಕೈಗವಸು ಎಲ್ಲ ಜೇಬಿಗೆ ಹಾಕಿಕೊಂಡು, ಆಪರೇಷನ್ನಿಗೆ ಹೊರಟವರಂತೆ ಸಿದ್ಧರಾಗಿ ನಿಂತರು.

ಮೊದಲು ನೋಡಿದ್ದು ಹಳೆಯ ಕಾರುಗಳ ದಲ್ಲಾಳಿಯ ಅಂಗಳದಲ್ಲಿದ್ದ ಹಳದಿ ಮಿಡತೆಯನ್ನು. ನೋಡಿದರೆ ದೃಷ್ಟಿ ತಾಗಬೇಕು, ಅಷ್ಟು ಹೊಳಪು. ಚಕ್ರಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಗಾಳಿಯಕ್ಕನಿಗೆ ಆಗಲೇ ಕೊಂಡುಬಿಡುವ ಆಸೆಯಾಯಿತು. ಆದರೂ ಅವಳ ಕೈ ಅಭ್ಯಾಸಬಲದಿಂದ ಬಾನೆಟ್ಟಿನ ಮೇಲೆ ಹೋಯಿತು. ಬಿಸಿಯಾಗಿತ್ತು.

"ನಾವು ಬರೋಕೆ ಮುಂಚೆ ಸ್ಟಾರ್ಟ್ ಮಾಡ್ಬೇಡಿ ಅಂತ ಫೋನಲ್ಲಿ ಹೇಳಿದ್ದೆನಲ್ಲ?"

"ಬೆಳಿಗ್ಗೆಯಿಂದ ಜನ ನೋಡ್ತಾನೇ ಇದ್ದಾರೆ ಅಕ್ಕಾ, ಏನ್ಮಾಡ್ಲಿ? ಮಾಲು ಅಂಥದ್ದು," ಎಂದು ದಲ್ಲಾಳಿ ಹಲ್ಲು ಕಿರಿದ.

ಭಾವ ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಜ್ವರದ ಮಗೂಗೆ ಮಾತ್ರೆ ನುಂಗಿಸಿ ಡಾಕ್ಟ್ರ ಹತ್ರ ಕರ್ಕೊಂಡು ಬಂದ ಹಾಗಿದೆ."

ಅವಳಿಗೂ ಅದೇ ಅನಿಸಿತ್ತು. ತಣ್ಣನೆಯ ಎಂಜಿನ್ನು ಸುಳ್ಳು ಹೇಳುವುದಿಲ್ಲ. ಹೊಗೆ, ಕೆಮ್ಮು, ನಡುಕ ಏನಿದ್ದರೂ ಬೆಳಗಿನ ಮೊದಲ ಉಸಿರಲ್ಲೇ ತೋರಿಸುತ್ತದೆ. ಬಿಸಿ ಮಾಡಿಟ್ಟರೆ ಅರ್ಧ ರೋಗ ಅಡಗಿಬಿಡುತ್ತದೆ. ಆದರೂ ಅವಳು ಒಳಗೆ ಕೂತಳು. ಕ್ಲಚ್ ತುಳಿದಳು. ಆಹಾ, ಬೆಣ್ಣೆ! ಎಡಮಂಡಿಗೆ ನೋವೆಂಬುದೇ ಗೊತ್ತಾಗಲಿಲ್ಲ. ಆ ಒಂದು ಕ್ಷಣಕ್ಕೆ ಅವಳು ಬೇರೆಲ್ಲವನ್ನೂ ಮಾಫಿ ಮಾಡಲು ಸಿದ್ಧಳಾಗಿದ್ದಳು.

ಅಷ್ಟರಲ್ಲಿ ಹಿಂದಿನಿಂದ ಟಣ್ ಎಂದು ಸದ್ದಾಯಿತು. ಭಾವನ ಅಯಸ್ಕಾಂತ ಮುಂದಿನ ಬಾಗಿಲಿಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದುದು, ಹಿಂದಿನ ಚಕ್ರದ ಮೇಲೆ ಬಂದ ಕೂಡಲೇ ಕೈಜಾರಿ ನೆಲಕ್ಕೆ ಬಿದ್ದಿತ್ತು. ಎತ್ತಿ ಮತ್ತೆ ಇಟ್ಟರು, ಮತ್ತೆ ಬಿತ್ತು. ತಗಡು ಇರಬೇಕಾದಲ್ಲಿ ಬೆರಳು ದಪ್ಪದ ಪುಟ್ಟಿ ಮೆತ್ತಿತ್ತು. ಭಾವನ ಮುಖ ಲಾಟರಿ ಹೊಡೆದವರಂತಾಯಿತು. ಡಿಕ್ಕಿ ತೆಗೆಸಿ, ಹಾಸು ಎತ್ತಿ, ಟಾರ್ಚು ಹಾಕಿದರು. ಸ್ಟೆಪ್ನಿ ಇಡುವ ಗುಂಡಿಯ ತಗಡು ಮುದುಡಿದ ಬಟ್ಟೆಯಂತೆ ನೆರಿಗೆ ನೆರಿಗೆಯಾಗಿತ್ತು. ಮೇಲೆ ಹೊಸ ಬಣ್ಣ.

"ಸಣ್ಣ ಟಚಪ್ಪು ಸಾರ್," ಎಂದ ದಲ್ಲಾಳಿ.

"ಇದು ಟಚಪ್ಪಲ್ಲ, ಅಂತ್ಯಸಂಸ್ಕಾರ," ಎಂದರು ಭಾವ.

ಗಾಳಿಯಕ್ಕ ಆಸೆ ಪೂರ್ತಿ ಬಿಡಲಿಲ್ಲ. ಅಂಗಳದ ಹಿಂದಿನ ಖಾಲಿ ಮೈದಾನದಲ್ಲಿ ಒಂದು ಸುತ್ತು ಓಡಿಸಿ, ಸ್ಟೀರಿಂಗಿನ ಮೇಲಿನ ಕೈ ಸಡಿಲ ಬಿಟ್ಟಳು. ಕಾರು ಎಡಕ್ಕೆ ಎಳೆಯಿತು. ಮೈದಾನವೇ ವಾಲಿದೆ ಎಂದ ದಲ್ಲಾಳಿ. ಅವಳು ತಿರುಗಿಸಿಕೊಂಡು ಆ ಕಡೆಯಿಂದ ಈ ಕಡೆಗೆ ಓಡಿಸಿದಳು. ಆಗಲೂ ಎಡಕ್ಕೇ. ಮೈದಾನ ಎರಡೂ ಕಡೆ ಎಡಕ್ಕೆ ವಾಲುವುದು ಸಾಧ್ಯವಿರಲಿಲ್ಲ. ಸೊಟ್ಟಗಾಗಿದ್ದು ಕಾರಿನ ಬೆನ್ನೆಲುಬು. ಅವಳು ಇಳಿದು ಕೀಲಿ ಹಿಂದಕ್ಕೆ ಕೊಟ್ಟಳು.

"ಅಕ್ಕಾ, ನೀವು ಕುಂಟೋದು ನೋಡಿದೆ," ಎಂದ ದಲ್ಲಾಳಿ, ವ್ಯಾಪಾರ ಕೈತಪ್ಪಿದ ಸಿಟ್ಟಿಗೆ. "ನಿಮ್ಗೆ ಯಾಕೆ ಈ ಆಟ? ಆಟೋಮ್ಯಾಟಿಕ್ ಒಂದಿದೆ, ತೋರಿಸ್ಲಾ?"

ದಾರಿಯುದ್ದಕ್ಕೂ ಅವಳು ಎಡಮಂಡಿಯನ್ನು ಅಂಗೈಯಿಂದ ಉಜ್ಜುತ್ತಲೇ ಬಂದಳು. ಅದನ್ನು ನೋಡಿ ಭಾವ ತಮ್ಮ ಅಯಸ್ಕಾಂತದ ಪ್ರತಾಪವನ್ನು ಅರ್ಧಕ್ಕೇ ನುಂಗಿಕೊಂಡರು.

ಎರಡನೆಯ ಮಿಡತೆಯ ಸುದ್ದಿ ಕೊಟ್ಟವಳು ಅವಳ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ. "ನಮ್ಮ ಈಜು ಟೀಚರಮ್ಮನ ಹತ್ರ ಒಂದು ಕೆಂಪು ಮಿಡತೆ ಇದೆ. ಹೊಸದಿದ್ದಾಗ ಅವರೇ ತಗೊಂಡಿದ್ದು, ಬೇರೆ ಯಾರ ಕೈಗೂ ಹೋಗಿಲ್ಲ. ಆದ್ರೆ ಹುಷಾರು, ಅವರು ಕಾರು ಮಾರೋದಿಲ್ಲ, ಸಂದರ್ಶನ ಮಾಡ್ತಾರೆ. ಬಂದವರನ್ನೆಲ್ಲ ಬೈದು ಕಳಿಸಿದ್ದಾರಂತೆ."

ಟೀಚರಮ್ಮ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಎಪ್ಪತ್ತು ದಾಟಿದ್ದರೂ ಈಜುಗಾರರ ಅಗಲ ಭುಜ ಹಾಗೇ ಇತ್ತು. ಮಾತಾಡುವಾಗ ಅವರು ಎದುರಿನವರನ್ನು ನೇರ ನೋಡುತ್ತಿರಲಿಲ್ಲ. ತಲೆಯನ್ನು ಒಂದಿಷ್ಟು ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತಿದ್ದರು. ಅವರ ದೃಷ್ಟಿಯ ನಡುಭಾಗ ಮಬ್ಬಾಗಿತ್ತು, ಅಂಚು ಮಾತ್ರ ಉಳಿದಿತ್ತು.

"ಒಬ್ಬ ಬಂದ, ಛಾವಣಿ ಕತ್ತರಿಸ್ತೀನಿ ಅಂದ. ಇನ್ನೊಬ್ಬ ತಣ್ಣಗಿರೋ ಎಂಜಿನ್ನನ್ನ ಸ್ಟಾರ್ಟ್ ಮಾಡಿದ ತಕ್ಷಣ ಕಿರುಚೋ ಹಾಗೆ ರೇಸ್ ಮಾಡಿದ. ಕೀಲಿ ಕಿತ್ಕೊಂಡು ಕಳಿಸ್ದೆ. ನೀವು ಏನ್ ಮಾಡ್ತೀರಿ?"

"ಮೊದ್ಲು ನೋಡ್ತೀನಿ ಮೇಡಂ," ಎಂದಳು ಗಾಳಿಯಕ್ಕ.

ಶೆಡ್ಡಿನ ಬಾಗಿಲು ಸರಿದಾಗ ಕಂಡ ಕಾರು ಹಳದಿಯದರಂತೆ ಹೊಳೆಯುತ್ತಿರಲಿಲ್ಲ. ಕೆಂಪು ಬಣ್ಣ ಬಾನೆಟ್ಟಿನ ಮೇಲೆ ಮಾಸಿ ಗುಲಾಬಿಗೆ ತಿರುಗಿತ್ತು. ಒಂದು ಬಾಗಿಲ ಉದ್ದಕ್ಕೂ ಗೀರು. ದೀಪದ ಗಾಜುಗಳಿಗೆ ಪೊರೆ ಬಂದಂತಿತ್ತು. ಅವಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು, ಬಾವಿಕಟ್ಟೆಯ ಕಲ್ಲಿನ ಹಾಗೆ. ಅವಳಿಗೆ ಅರಿವಿಲ್ಲದೆ ಮುಗುಳ್ನಗೆ ಬಂತು.

ಭಾವ ಅಯಸ್ಕಾಂತ ಹಿಡಿದು ಪ್ರದಕ್ಷಿಣೆ ಶುರುಮಾಡಿದರು. ಟಕ್, ಟಕ್, ಟಕ್. ಎಲ್ಲಿಟ್ಟರೂ ಕಚ್ಚಿಕೊಂಡಿತು. ಹಿಂದಿನ ಚಕ್ರದ ಕಮಾನಿನ ಕೆಳಗೆ ಮಾತ್ರ ಉಗುರಿನಗಲ ತುಕ್ಕು ಸಿಕ್ಕಿತು; ಅವರಿಗೆ ಅದರಲ್ಲೇ ಸಮಾಧಾನ. "ಗೀರು ಯಾವುದು ಇದು?" ಎಂದರು, ಪೊಲೀಸರ ಧಾಟಿಯಲ್ಲಿ.

"ಗೇಟಿನ ಕಂಬ," ಎಂದರು ಟೀಚರಮ್ಮ. "ಕಂಬ ಅಲ್ಲೇ ಇತ್ತು, ನಂಗೆ ಕಾಣ್ಲಿಲ್ಲ. ಆವತ್ತೇ ಓಡಿಸೋದು ಬಿಟ್ಟೆ." ಅದನ್ನು ಹೇಳುವಾಗ ಅವರ ಕೈ ಗೀರನ್ನು ಒಂದು ಸಲ ಸವರಿತು. ಭಾವ ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡರು.

ಗಾಳಿಯಕ್ಕ ಎಂಜಿನ್ನಿನ ಮೇಲೆ ಬಗ್ಗಿದಳು. ಎಣ್ಣೆಯ ಕಡ್ಡಿ ಎಳೆದು ಬೆರಳಿಗೆ ಸವರಿ ನೋಡಿದಳು. ಕಪ್ಪಾಗಿದ್ದರೂ ಜಿಡ್ಡು ಸತ್ತಿರಲಿಲ್ಲ. ಎಣ್ಣೆ ತುಂಬುವ ಮುಚ್ಚಳದ ಒಳಮೈಯಲ್ಲಿ ಬಿಳಿ ನೊರೆ ಇರಲಿಲ್ಲ, ಅಂದರೆ ಎಣ್ಣೆಗೆ ನೀರು ಸೇರಿಲ್ಲ. ಟೈರುಗಳ ಹಲ್ಲು ಚೆನ್ನಾಗಿದ್ದವು, ಆದರೆ ರಬ್ಬರು ವಯಸ್ಸಾಗಿ ಬಿರುಕು ಬಿಟ್ಟಿತ್ತು. ಆಮೇಲೆ ಭಾವನನ್ನು ಸೈಲೆನ್ಸರಿನ ಹಿಂದೆ ನಿಲ್ಲಿಸಿ ಕೀಲಿ ತಿರುಗಿಸಿದಳು. ಎಂಜಿನ್ನು ಒಂದು ಸಲ ಗಂಟಲು ಸರಿಮಾಡಿಕೊಂಡು ಎದ್ದಿತು. ಮೊದಲು ಸ್ವಲ್ಪ ಆತುರ, ನಂತರ ಒಂದೇ ಹದ.

"ಹೊಗೆ?" ಎಂದು ಕೂಗಿದಳು.

"ಬಿಳೀದು ಒಂಚೂರು ಬಂತು, ಹೋಯ್ತು. ನೀಲಿ ಇಲ್ಲ, ಕಪ್ಪಿಲ್ಲ," ಎಂದು ಭಾವ ಕೆಮ್ಮುತ್ತ ವರದಿ ಒಪ್ಪಿಸಿದರು.

ಅವಳು ಎಂಜಿನ್ನು ನಿಲ್ಲಿಸಿ ಕೇಳಿದಳು: "ಮೇಡಂ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು?"

ಟೀಚರಮ್ಮ ಮೊದಲ ಸಲ ತಡವರಿಸಿದರು. "ಬದಲಾಯಿಸಿದೀನಿ ಅಂತ ನಮ್ಮ ಹಳೇ ಮೆಕ್ಯಾನಿಕ್ ಹೇಳಿದ್ದ. ಯಾವಾಗ ಅಂತ ಅವನನ್ನೇ ಕೇಳ್ಬೇಕು. ಅವನು ಹೋಗಿ ಎಷ್ಟೋ ವರ್ಷ ಆಯ್ತು."

"ಹೋಗಿ ಅಂದ್ರೆ ಊರು ಬಿಟ್ಟು?" ಎಂದರು ಭಾವ.

"ಲೋಕ ಬಿಟ್ಟು."

ಕಾರು ಓಡಿಸಿ ನೋಡಲು ಮೂವರೂ ಹೊರಟರು. ಟೀಚರಮ್ಮ ಮುಂದೆ ಕೂತರು. ಭಾವ ಮುಂದಿನ ಸೀಟು ಮಡಚಿ, ಒಂದು ಕಾಲು ಹಾಕಿ, ತಲೆ ತೂರಿಸಿ, ಇನ್ನೊಂದು ಕಾಲನ್ನು ಕೈಯಲ್ಲೇ ಎತ್ತಿಕೊಂಡು ಹೇಗೋ ಹಿಂದೆ ಸೇರಿದರು. ಮಂಡಿಗಳು ಕಿವಿಯ ಮಟ್ಟಕ್ಕೆ ಬಂದವು. "ನನ್ನನ್ನ ಇಲ್ಲೇ ಬಿಟ್ಟು ಕಾರು ಮಾರ್ಬೇಡಿ," ಎಂದರು.

ಬೀದಿಗೆ ಬಂದ ಸ್ವಲ್ಪ ಹೊತ್ತಿಗೇ ಗಾಳಿಯಕ್ಕನಿಗೆ ವಿಷಯ ಗೊತ್ತಾಯಿತು. ಕಾರು ಚೆನ್ನಾಗಿತ್ತು, ಕ್ಲಚ್ ಭಾರವಾಗಿತ್ತು. ಹಳದಿ ಕಾರಿನ ಬೆಣ್ಣೆಯಲ್ಲ ಇದು, ಕಲ್ಲು. ಮೊದಲ ಸಿಗ್ನಲ್ಲಿಗೆ ಮಂಡಿ ಬಿಗಿಯಿತು. ಎರಡನೆಯದಕ್ಕೆ ತೊಡೆ ನಡುಗಲು ಶುರುವಾಯಿತು. ಎರಡನೇ ಗೇರಿಗೆ ಹಾಕುವಾಗ ಕರಕ್ ಎಂದಿತು. ಅದು ಗೇರಿನದೋ ತನ್ನ ಕಾಲಿನದೋ ಅವಳಿಗೇ ತಿಳಿಯಲಿಲ್ಲ. ಮುಂದೆ ನೀರಿನ ಟ್ಯಾಂಕಿನ ಗುಡ್ಡದ ಏರು. ಅರ್ಧ ಏರಿನಲ್ಲಿ ಕೆಂಪು ದೀಪ ಬಿತ್ತು. ಅವಳ ಹಿಂದೆ ಒಂದು ಲಾರಿ ಬಂದು ಮೂಗು ತಾಗಿಸುವಂತೆ ನಿಂತಿತು.

ಹಸಿರು ಬಂತು. ಕ್ಲಚ್ ಬಿಟ್ಟಳು. ಕಾಲು ನಡುಗಿತು, ಕಾರು ಮುಗ್ಗರಿಸಿ ನಿಂತುಹೋಯಿತು. ಮತ್ತೆ ಸ್ಟಾರ್ಟ್, ಮತ್ತೆ ಮುಗ್ಗರಿಕೆ. ಲಾರಿಯವನು ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಎರಡು ದಶಕ ಸೈರನ್ ಹಾಕಿ ಊರನ್ನೇ ಬದಿಗೆ ಸರಿಸಿದವಳು ಒಂದು ಏರಿನಲ್ಲಿ, ಒಂದು ಆಟಿಕೆಯಷ್ಟು ಕಾರಿನಲ್ಲಿ ಸಿಕ್ಕಿಕೊಂಡು ಕೂತಿದ್ದಳು. ಬೆವರು ಕಣ್ಣಿಗಿಳಿಯಿತು.

"ಇಳಿದುಬಿಡೋಣಮ್ಮ," ಎಂದರು ಭಾವ ಮೆಲ್ಲಗೆ. "ಯಾರ್ದೂ ತಪ್ಪಲ್ಲ."

ಟೀಚರಮ್ಮ ಮಾತ್ರ ರಸ್ತೆಯ ಕಡೆಗೂ ನೋಡಲಿಲ್ಲ, ಲಾರಿಯ ಕಡೆಗೂ ನೋಡಲಿಲ್ಲ. ತಲೆ ಓರೆ ಮಾಡಿ ಅವಳ ಎಡಗಾಲನ್ನೇ ಕಣ್ಣಂಚಿನಿಂದ ನೋಡಿದರು. "ಹಿಂದೆ ಏನು ಓಡಿಸ್ತಿದ್ದೆ ನೀನು?" ಅವರು ಯಾವಾಗ ಬಹುವಚನ ಬಿಟ್ಟರೋ ಯಾರೂ ಗಮನಿಸಲಿಲ್ಲ.

"ಆಂಬುಲೆನ್ಸ್."

"ಅದರಲ್ಲಿ ಕುರ್ಚಿ ಮೇಲೆ ಕೂತ ಹಾಗೆ ಕೂರ್ತೀಯ, ಮೇಲಿಂದ ಕೆಳಗೆ ತುಳೀತೀಯ. ಇಲ್ಲಿ ನೆಲದ ಮೇಲೆ ಕೂತಿದೀಯ, ಮುಂದಕ್ಕೆ ಒದೀಬೇಕು. ಕಾಲು ಪೂರ್ತಿ ಚಾಚಿ ಬರೀ ಮಂಡೀಲಿ ತಳ್ತಿದೀಯಲ್ಲ, ಯಾವ ಮಂಡಿ ತಾನೇ ತಡೀತದೆ? ನೀರಲ್ಲೂ ಅಷ್ಟೇ, ಮಂಡಿಯಿಂದ ಒದೆಯೋರು ಮುಳುಗ್ತಾರೆ, ಸೊಂಟದಿಂದ ಒದೆಯೋರು ತೇಲ್ತಾರೆ. ಸೀಟು ಮುಂದಕ್ಕೆ ಎಳ್ಕೋ. ಇನ್ನೂ. ಹ್ಞಾಂ. ಬೆನ್ನು ಒರಗಿಸು. ಹ್ಯಾಂಡ್‌ಬ್ರೇಕ್ ಹಾಕು. ಆ ಲಾರಿಯವನು ಕಿರುಚಲಿ, ಅವನಿಗೆ ಬೇರೆ ಏನೂ ಕೆಲ್ಸ ಇಲ್ಲ."

ಗಾಳಿಯಕ್ಕ ಸೀಟು ಎಳೆದುಕೊಂಡಳು. ಮಂಡಿ ಮಡಚಿತು. ಹ್ಯಾಂಡ್‌ಬ್ರೇಕ್ ಎಳೆದಳು, ಕಾರು ಬಂಡೆಯಂತೆ ನಿಂತಿತು. ಅದೂ ಒಂದು ಪರೀಕ್ಷೆಯಾಯಿತೆಂದು ಆ ಗಾಬರಿಯಲ್ಲೂ ಅವಳಿಗೆ ಹೊಳೆಯಿತು. ಉಸಿರೆಳೆದು ಸೊಂಟದಿಂದ ಒದ್ದಳು. ಕ್ಲಚ್ ಕೆಳಗಿಳಿಯಿತು, ನಡುಕವಿಲ್ಲದೆ. ಎಂಜಿನ್ನು ಸ್ಟಾರ್ಟ್ ಮಾಡಿ ಕ್ಲಚ್ ಮೆಲ್ಲಗೆ ಬಿಟ್ಟಳು. ಕಾರಿನ ಮೂಗು ಒಂದಿಷ್ಟು ಎದ್ದು, ಹೊರಡುತ್ತೇನೆ ಎಂದು ಸ್ಟೀರಿಂಗಿನಲ್ಲೇ ಹೇಳಿತು. ಹ್ಯಾಂಡ್‌ಬ್ರೇಕ್ ಇಳಿಸಿದಳು.

ಮಿಡತೆ ಏರನ್ನು ಹತ್ತಿತು. ಮುಗ್ಗರಿಸಲಿಲ್ಲ, ಒಂದು ಗೇಣೂ ಹಿಂದೆ ಜಾರಲಿಲ್ಲ. ಕನ್ನಡಿಯಲ್ಲಿ ಲಾರಿ ಚಿಕ್ಕದಾಗುತ್ತ ಹೋಯಿತು.

"ಹೋಯ್!" ಎಂದು ಭಾವ ಹಿಂದಿನಿಂದ ಕೂಗಿಯೇಬಿಟ್ಟರು, ತಲೆ ಛಾವಣಿಗೆ ಬಡಿದದ್ದನ್ನೂ ಲೆಕ್ಕಿಸದೆ.

ಗುಡ್ಡದ ಮೇಲಿನ ಬಯಲಿನಲ್ಲಿ ಅವಳು ತನ್ನ ಕೆಲಸ ಶುರುಮಾಡಿದಳು. ಕೈ ಸಡಿಲ ಬಿಟ್ಟು ಓಡಿಸಿದಳು. ಕಾರು ದಾರ ಹಿಡಿದಂತೆ ನೇರ ಹೋಯಿತು. ಗಟ್ಟಿಯಾಗಿ ಬ್ರೇಕ್ ತುಳಿದಳು. ಆಗಲೂ ನೇರವೇ ನಿಂತಿತು. ಬಿಸಿಯಾದ ಮೇಲೆ ಎರಡನೇ ಗೇರು ಕರಕ್ ಎನ್ನಲಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತ ಹೊಡೆದಾಗ ಮಾತ್ರ ಮುಂದಿನ ಚಕ್ರದಿಂದ ಟಿಕ್, ಟಿಕ್, ಟಿಕ್ ಎಂದು ಸದ್ದು ಬಂತು.

"ಗೇರ್‌ಬಾಕ್ಸ್ ಹೋಗಿದೆ," ಎಂದರು ಭಾವ ಕಂಗಾಲಾಗಿ.

"ಇಲ್ಲ ಭಾವ. ಗೇರ್‌ಬಾಕ್ಸ್ ಆಗಿದ್ರೆ ನೇರ ಹೋಗುವಾಗ್ಲೂ ಬರ್ಬೇಕು. ಇದು ತಿರುಗಿಸಿದಾಗ ಮಾತ್ರ. ಆಕ್ಸಲಿನ ಕೀಲು ಸವೆದಿದೆ. ನನ್ನ ಮಂಡಿ ಥರಾನೇ. ಹೊಸ ಕೀಲು ಹಾಕಿದ್ರೆ ಮುಗೀತು."

ವಾಪಸು ಬರುವ ಇಳಿಜಾರು ಖಾಲಿ ಬಿದ್ದಿತ್ತು. ಯಾರಿಗಾದರೂ ಕಾಲು ಅದುಮಬೇಕೆನಿಸುವಂಥ ರಸ್ತೆ. ಅವಳು ಅದುಮಲಿಲ್ಲ. ಶೆಡ್ಡಿನಲ್ಲಿ ಕಾರು ನಿಲ್ಲಿಸಿದ ಮೇಲೆ ಟೀಚರಮ್ಮ ಇಳಿಯದೆ ಕೂತರು.

"ಇದುವರೆಗೆ ಬಂದೋರೆಲ್ಲ ಇದನ್ನ ಕಿರುಚಿಸಿ ನೋಡಿದ್ರು. ನೀನು ಮೀಟರಿನ ಮುಳ್ಳನ್ನ ಅರ್ಧಕ್ಕಿಂತ ಮೇಲೆ ಏರಿಸ್ಲೇ ಇಲ್ಲ. ಕಣ್ಣು ಕಾಣ್ದಿದ್ರೂ ನಂಗೆ ಕಿವಿ ಕೇಳ್ತದೆ. ಯಾಕೆ? ಭಯಾನಾ?"

"ಆಸೆ ಇತ್ತು ಮೇಡಂ. ಆದ್ರೆ ಬೆಲ್ಟಿನ ವಯಸ್ಸು ಗೊತ್ತಿಲ್ಲ. ಜೋರಾಗಿ ಓಡಿಸುವಾಗ ಅದು ತುಂಡಾದ್ರೆ ಎಂಜಿನ್ ಒಳಗೇ ಚೂರುಚೂರು ಆಗ್ತದೆ. ಕಾರು ಇನ್ನೂ ನಂದಲ್ಲ, ನಿಮ್ದು. ನಂಗೆ ಕೊಡದಿದ್ರೂ ಪರ್ವಾಗಿಲ್ಲ, ಬೆಲ್ಟ್ ಹಾಕಿಸೋವರೆಗೂ ಯಾರಿಗೂ ಓಡಿಸೋಕೆ ಬಿಡ್ಬೇಡಿ." ಆಮೇಲೆ ತುಕ್ಕು, ಟೈರು, ಕೀಲು, ತಣ್ಣಗಿರುವಾಗಿನ ಎರಡನೇ ಗೇರು, ಒಂದನ್ನೂ ಬಿಡದೆ ಹೇಳಿದಳು.

ಟೀಚರಮ್ಮ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಎಲ್ಲರೂ ಎಷ್ಟು ಚೆಂದ ಇದೆ ಅಂತ ಹೊಗಳಿದ್ರು. ಏನೇನು ಕೆಟ್ಟಿದೆ ಅಂತ ಹೇಳಿದೋಳು ನೀನೊಬ್ಬಳೇ. ತಗೊಂಡ್ಹೋಗು." ಬೆಲೆಯ ಮಾತು ಚಹಾ ಆರುವುದರೊಳಗೆ ಮುಗಿಯಿತು. ಚೌಕಾಸಿಗೆಂದೇ ಬಂದಿದ್ದ ಭಾವನಿಗೆ ಬಾಯಿ ಹಾಕಲು ಸಂದೇ ಸಿಗಲಿಲ್ಲ.

ಮೆಕ್ಯಾನಿಕ್ಕನ ಬಳಿಗೆ ಕಾರನ್ನು ಎಳೆಸಿಕೊಂಡೇ ಹೋದರು. ಅವನು ಮುಚ್ಚಳ ಬಿಚ್ಚಿ ಬೆಲ್ಟನ್ನು ಹೊರತೆಗೆದು ಬೆರಳುಗಳ ಮೇಲೆ ಬಾಗಿಸಿದ. ಉದ್ದಕ್ಕೂ ಬಿರುಕು, ಒಂದು ಕಡೆ ಹಲ್ಲುಗಳೇ ಉದುರಿದ್ದವು. "ಇದರಲ್ಲಿ ಗುಡ್ಡ ಹತ್ತಿ ಬಂದ್ರಾ? ಯಾರೋ ಪುಣ್ಯಾತ್ಮರು ಮೆತ್ತಗೆ ಓಡಿಸಿರ್ಬೇಕು," ಎಂದ. ಭಾವ ಆ ಬೆಲ್ಟನ್ನು ಕೇಳಿ ಪಡೆದು ಅಂಗಡಿಗೆ ತಂದರು. ಔಷಧಿಗೆ ಬಂದವರಿಗೆಲ್ಲ ತೋರಿಸಿ, "ನಮ್ಮ ನಾದಿನಿ ಇದನ್ನ ನೋಡ್ದೇನೇ ಹೇಳಿದ್ಲು," ಎನ್ನತೊಡಗಿದರು. ಕೆಮ್ಮಿನ ಸಿರಪ್ಪಿಗೆ ಬಂದವರು ಕಾರಿನ ಕಥೆ ಕೇಳಿಕೊಂಡು ಹೋಗಬೇಕಾಗುತ್ತಿತ್ತು.

ಹೊಸ ಬೆಲ್ಟು, ಹೊಸ ಕೀಲು, ಹೊಸ ಟೈರು ಹಾಕಿಸಿಕೊಂಡು ಮಿಡತೆ ಮನೆಯ ಮುಂದೆ ಬಂದು ನಿಂತಿತು. ಅಮ್ಮ ಮೊದಲ ದಿನ ಕಿಟಕಿಯಿಂದಲೂ ನೋಡಲಿಲ್ಲ. ಎರಡನೆಯ ದಿನ ಪಕ್ಕದ ಮನೆಯಾಕೆ ಯಾರ ಕಾರೆಂದು ಕೇಳಿದಾಗ, "ನಮ್ಮದೇ, ಇನ್ಯಾರದು?" ಎಂದರು. ಮೂರನೆಯ ದಿನ ಅವರಿಗೆ ತುರ್ತಾಗಿ ಕೋಟಿನ ಗುಂಡಿಗಳು ಬೇಕಾದವು. ಬೀದಿಯ ಕೊನೆಯಲ್ಲಿದ್ದ ಅಂಗಡಿಯ ಗುಂಡಿ ಆಗುವುದಿಲ್ಲವಂತೆ, ಊರಾಚೆಯ ಅಂಗಡಿಯದೇ ಆಗಬೇಕಂತೆ. ಮುಂದಿನ ಸೀಟಿನಲ್ಲಿ ಕೂತು ಸೀಟ್ ಬೆಲ್ಟು ಬಿಗಿದುಕೊಂಡು, "ಹಿಂದೆ ಬಾಗಿಲು ಇಲ್ದಿದ್ರೇನು, ಮುಂದಿದೆಯಲ್ಲ," ಎಂದರು.

ಗಾಳಿಯಕ್ಕ ಪ್ರತಿ ದಿನ ಕೆಲಸಕ್ಕೆ ಗುಡ್ಡದ ದಾರಿಯಲ್ಲೇ ಹೋದಳು. ಹತ್ತಿರದ ದಾರಿ ಬೇರೆ ಇತ್ತು. ಆದರೆ ಅದರಲ್ಲಿ ಏರಿರಲಿಲ್ಲ. ಅರ್ಧ ಏರಿನಲ್ಲಿ ಕೆಂಪು ದೀಪ ಬೀಳಲಿ ಎಂದು ಹಾರೈಸುತ್ತಿದ್ದ ಡ್ರೈವರು ಇಡೀ ಊರಿನಲ್ಲಿ ಅವಳೊಬ್ಬಳೇ ಇರಬೇಕು. ಮೊದಮೊದಲು ಹ್ಯಾಂಡ್‌ಬ್ರೇಕ್ ಬೇಕಾಗುತ್ತಿತ್ತು. ಬರಬರುತ್ತ ಬರೀ ಕ್ಲಚ್ಚಿನ ಮೇಲೆ ಕಾರನ್ನು ಏರಿನಲ್ಲಿ ತೂಗಿ ನಿಲ್ಲಿಸಿಕೊಳ್ಳುವಷ್ಟು ಕಾಲು ಪಳಗಿತು. ತೊಡೆಯ ಸ್ನಾಯು ಮರಳಿ ತುಂಬಿಕೊಂಡಿತು. ಫಿಸಿಯೋ ಅಳೆದು ನೋಡಿ, "ಏನಕ್ಕ, ಮನೇಲಿ ಏನು ವ್ಯಾಯಾಮ ಮಾಡ್ತಿದೀರಿ?" ಎಂದರೆ ನಕ್ಕು ಕಾರಿನ ಕೀಲಿ ಅಲ್ಲಾಡಿಸಿ ತೋರಿಸುತ್ತಿದ್ದಳು.

ಒಂದು ದಿನ ಡಾಕ್ಟರ ಕೋಣೆಗೆ ತಾನೇ ಹೋಗಿ ನಿಂತಳು. "ಮಂಡಿ ಒತ್ತಿ ನೋಡೋದು ಬೇಡ ಡಾಕ್ಟ್ರೇ. ವ್ಯಾನಲ್ಲಿ ಕೂತು ನೋಡಿ."

"ಎಲ್ಲಿ ಕೂರ್ಲಿ?"

"ಕೂರೋದಲ್ಲ. ಹಿಂದೆ ಸ್ಟ್ರೆಚರ್ ಮೇಲೆ ಮಲಗಿ."

ಠಾಣೆಯ ಜನವೆಲ್ಲ ಅಂಗಳಕ್ಕೆ ಬಂದರು. ಡಾಕ್ಟರು ನಗುತ್ತ ಮಲಗಿದರು, ಪಟ್ಟಿ ಬಿಗಿಸಿಕೊಂಡರು. ಠಾಣೆಯ ಅಧಿಕಾರಿ ಮುಂದೆ ಕೂತರು. ಗಾಳಿಯಕ್ಕ ಕನ್ನಡಿ ಸರಿಮಾಡಿ, ಸೀಟು ತನ್ನ ಕಾಲಿಗೆ ಹೊಂದಿಸಿ, ಹೊರಟಳು. ಸಂತೆಯ ಗಲ್ಲಿ, ರೈಲ್ವೆ ಗೇಟಿನ ಉಬ್ಬು, ಶಾಲೆ ಬಿಡುವ ಹೊತ್ತಿನ ಗದ್ದಲ, ಆಮೇಲೆ ಗುಡ್ಡ. ಅಧಿಕಾರಿ ಬೇಕೆಂದೇ ಏರಿನಲ್ಲಿ ನಿಲ್ಲಿಸಲು ಹೇಳಿದರು. ನಿಲ್ಲಿಸಿದಳು. ಹೊರಡು ಎಂದರು. ಹೊರಟಳು. ಅವರ ಕೈಯಲ್ಲಿದ್ದ ಪೆನ್ನು ಕೂಡ ಅಲುಗಲಿಲ್ಲ.

ಠಾಣೆಗೆ ಮರಳಿ ಹಿಂದಿನ ಬಾಗಿಲು ತೆರೆದಾಗ ಡಾಕ್ಟರು ಬಾಯಿ ಅರ್ಧ ತೆರೆದು ಗೊರಕೆ ಹೊಡೆಯುತ್ತಿದ್ದರು.

ಅಂಗಳದಲ್ಲಿ ಎದ್ದ ನಗು, ಶಿಳ್ಳೆ, ಚಪ್ಪಾಳೆಗೆ ಡಾಕ್ಟರು ಬೆಚ್ಚಿ ಎದ್ದು, "ಹೊರಡೋಣ್ವಾ?" ಎಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರಿಗೂ ಬೇಕಾಗಲಿಲ್ಲ. ಫೋನಿನ ಮೇಜು ಅವತ್ತೇ ಬೇರೊಬ್ಬರ ಪಾಲಾಯಿತು.

ಅದಾದ ಭಾನುವಾರ ಅವಳು ಟೀಚರಮ್ಮನ ಗೇಟಿನ ಮುಂದೆ ಹಾರ್ನು ಹೊಡೆದಳು. ಅವರು ಬಾಗಿಲಿಗೆ ಬಂದು, ಕಾರು ಕಾಣುವ ಮೊದಲೇ, "ಕೀಲು ಹಾಕಿಸಿದೀಯ, ಟಿಕ್ ಟಿಕ್ ಇಲ್ಲ," ಎಂದರು. ಪಕ್ಕದಲ್ಲಿ ಕೂತ ಮೇಲೆ ಅವರ ಕೈ ತನ್ನಷ್ಟಕ್ಕೇ ಬಾಗಿಲಿನ ಹಿಡಿಗೆ ಹೋಗಿ ತನ್ನ ಹಳೆಯ ಜಾಗ ಹಿಡಿಯಿತು.

ಊರು ದಾಟಿ ಅಣೆಕಟ್ಟಿನ ಹಿಂದಿನ ರಸ್ತೆಗೆ ಬಂದರು. ಒಂದು ಕಡೆ ನೀರು, ಇನ್ನೊಂದು ಕಡೆ ಬಂಡೆ, ನಡುವೆ ಹಾವಿನಂತೆ ಸುತ್ತಿ ಮೇಲೇರುವ ಕಪ್ಪು ರಸ್ತೆ. ಬೆಳಗಿನ ಬಿಸಿಲಿತ್ತು. ಎದುರು ವಾಹನಗಳಿರಲಿಲ್ಲ.

"ಏನು ಕಾಣ್ತದೆ?" ಎಂದರು ಟೀಚರಮ್ಮ.

"ಖಾಲಿ ರಸ್ತೆ ಮೇಡಂ."

"ಹಾಗಾದ್ರೆ ಬಿಡು."

ಅವಳು ಸೊಂಟದಿಂದ ಒದ್ದು ಗೇರು ಇಳಿಸಿ, ಬಲಗಾಲನ್ನು ಅದುಮಿದಳು. ಮುಳ್ಳು ಅರ್ಧ ದಾಟಿತು. ಅಲ್ಲಿಂದ ಮೇಲೆ ಎಂಜಿನ್ನಿನ ಸದ್ದೇ ಬೇರೆಯಾಯಿತು. ಇಷ್ಟು ಹೊತ್ತು ಗುನುಗುತ್ತಿದ್ದುದು ಎದೆ ತುಂಬಿ ಹಾಡತೊಡಗಿತು. ಕಾರು ಮೊದಲ ತಿರುವಿಗೆ ಧುಮುಕಿ, ರಸ್ತೆಗೆ ಉಗುರೂರಿ, ಆಚೆ ಬದಿಗೆ ಚಿಮ್ಮಿತು. ಎರಡನೇ ತಿರುವು, ಮೂರನೆಯದು. ಎಡಗಾಲು ಹೋಗುತ್ತಿತ್ತು, ಬರುತ್ತಿತ್ತು, ಅದೊಂದು ಕಾಲಿದೆಯೆಂಬುದೇ ಅವಳಿಗೆ ಮರೆತುಹೋಗಿತ್ತು. "ಮೂರು… ಈಗ ನಾಕು! ಹಾಕು!" ಎಂದು ಟೀಚರಮ್ಮ ಕಿವಿಯಲ್ಲೇ ಲೆಕ್ಕ ಹಿಡಿದು ಕೂಗುತ್ತಿದ್ದರು, ಅವರು ಹೇಳುವುದೂ ಅವಳು ಹಾಕುವುದೂ ಒಂದೇ ಆಗುತ್ತಿತ್ತು. ಕೊನೆಯ ಏರು ಹತ್ತಿ ರಸ್ತೆ ನೆತ್ತಿ ತಲುಪಿದಾಗ ಎದುರಿಗೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಇಬ್ಬರೂ ಒಟ್ಟಿಗೆ ಕೂಗಿದರು. ಒಬ್ಬಳು ನಡುವಯಸ್ಸಿನವಳು, ಒಬ್ಬರು ಮುದುಕಿ. ಕೂಗಿದ್ದು ಮಾತ್ರ ಶಾಲೆ ಬಿಟ್ಟ ಹುಡುಗಿಯರ ಹಾಗೆ.

ನೆತ್ತಿಯಲ್ಲಿ ಕಾರು ನಿಲ್ಲಿಸಿದಳು. ಬಾನೆಟ್ಟಿನೊಳಗೆ ಬಿಸಿ ಲೋಹ ಚಿಟಿಚಿಟಿ ಎನ್ನುತ್ತಿತ್ತು. ಟೀಚರಮ್ಮ ಕೆದರಿದ ಬಿಳಿ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಒತ್ತಿ, ಉಸಿರು ಸುಧಾರಿಸಿಕೊಂಡರು.

"ಇನ್ನೊಂದ್ ಸಲ," ಎಂದರು.

ಗಾಳಿಯಕ್ಕ ಕಾರು ತಿರುಗಿಸಿದಳು.